ತುಂಬೆಯ ಗೇಟ್, ಒಂಟಾರಿಯೊದ ಗೇಟ್: ನೀರಿನ ಮಟ್ಟ ಯಾರ ಕೈಯಲ್ಲಿದೆ?

2019ರ ಮೇ ತಿಂಗಳು ದಕ್ಷಿಣ ಕನ್ನಡ, ಉಡುಪಿ – ನಮ್ಮ ಎರಡು ಜಿಲ್ಲೆಯವರಿಗೂ ಚೆನ್ನಾಗಿ ನೆನಪಿರಬೇಕು. ನೇತ್ರಾವತಿ ಬತ್ತಿತ್ತು. ಸದ್ಯಕ್ಕೆ ಬರುವುದನ್ನು ಮುಂದೂಡಿ ಎಂದು ಧರ್ಮಸ್ಥಳದಿಂದಲೇ ಭಕ್ತರಿಗೆ ಮನವಿ ಬಂತು. ಮಂಗಳೂರಿನಲ್ಲಿ ನೀರಿನ ರೇಷನಿಂಗ್ ಶುರುವಾಗಿತ್ತು. ಉಡುಪಿಯಲ್ಲಿ ಸ್ವರ್ಣಾ ನದಿಯ ಗುಂಡಿಗಳಲ್ಲಿ ಉಳಿದ ನೀರನ್ನು ಪಂಪ್ ಇಟ್ಟು, ನಗರಕ್ಕೆ ನೀರು ಕೊಡುವ ಬಜೆ ಅಣೆಕಟ್ಟಿನ ಕಡೆಗೆ ಹಾಯಿಸುತ್ತಿದ್ದರು. ಅದೇ ದಿನಗಳಲ್ಲಿ ಕೆನಡಾದ ಟೊರಾಂಟೊ ಕಡೆಯಲ್ಲಿ ಸಮಸ್ಯೆ ಪೂರ್ತಿ ಉಲ್ಟಾ ಇತ್ತು. ಅಲ್ಲಿ ಒಂಟಾರಿಯೊ ಸರೋವರ ಏರುತ್ತಲೇ ಇತ್ತು. ಜೂನ್ ಹೊತ್ತಿಗೆ ಸಮುದ್ರ ಮಟ್ಟದಿಂದ 75.92 ಮೀಟರ್ ಮುಟ್ಟಿತು. 1918ರಿಂದ ಇಟ್ಟ ದಾಖಲೆಯಲ್ಲಿ ಅಷ್ಟು ಎತ್ತರ ಹಿಂದೆ ಯಾವತ್ತೂ ಬಂದಿರಲಿಲ್ಲ. ಎರಡು ವರ್ಷ ಮೊದಲು, 2017ರಲ್ಲಿ, 75.88 ಮೀಟರ್ ಆದಾಗಲೇ ಜನ ಇದಕ್ಕಿಂತ ಜಾಸ್ತಿ ಇನ್ನೇನು ಅಂದುಕೊಂಡಿದ್ದರು.

ಇಲ್ಲಿ ನೀರಿಲ್ಲ, ಅಲ್ಲಿ ನೀರು ಮನೆಯೊಳಗೆ. ಆದರೆ ಬೈಗುಳ ಹೋಗಿದ್ದು ಎರಡೂ ಕಡೆ ಒಂದೇ ವಿಳಾಸಕ್ಕೆ: ಗೇಟ್ ನೋಡಿಕೊಳ್ಳುವವರಿಗೆ. ಇಲ್ಲಿ "ಡ್ಯಾಂ ಇದ್ದೂ ನೀರು ಹಿಡಿದಿಡಲಿಲ್ಲ" ಎಂದು. ಅಲ್ಲಿ "ಡ್ಯಾಂ ಇದ್ದೂ ನೀರು ಬಿಡಲಿಲ್ಲ" ಎಂದು. ನ್ಯೂಯಾರ್ಕ್ ರಾಜ್ಯ ಸರ್ಕಾರವಂತೂ ಆ ವರ್ಷದ ಅಕ್ಟೋಬರ್‌ನಲ್ಲಿ ನೇರ ಕೋರ್ಟಿಗೇ ಹೋಯಿತು.

ಗೇಟಿಗೆ ಪಾಲಿಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಎಷ್ಟು ಪಾಲು ಅನ್ನುವುದು ಗೇಟ್ ನೋಡಿ ಗೊತ್ತಾಗುವುದಿಲ್ಲ. ಒಳಗೆ ಬರುವ ನೀರು ಎಷ್ಟು, ನಿಲ್ಲುವ ಜಾಗ ಎಷ್ಟು, ಹೊರಗೆ ಹೋಗುವ ದಾರಿ ಎಷ್ಟು ಅಗಲ – ಈ ಮೂರರ ಅನುಪಾತ ನೋಡಬೇಕು. ಒಂಟಾರಿಯೊ, ಮಂಗಳೂರಿಗೆ ನೀರು ಕೊಡುವ ನೇತ್ರಾವತಿಯ ತುಂಬೆ ಡ್ಯಾಂ, ಉಡುಪಿ ಜಿಲ್ಲೆಯ ವಾರಾಹಿ ನದಿ – ಮೂರರಲ್ಲೂ ಈ ಅನುಪಾತ ಬೇರೆ ಬೇರೆ. ಹಾಗಾಗಿ ಗೇಟಿನ ಶಕ್ತಿಯೂ ಬೇರೆ ಬೇರೆ.

ಮೊದಲು ದೊಡ್ಡದನ್ನು ನೋಡೋಣ. ಒಂಟಾರಿಯೊ ಸರೋವರದ ವಿಸ್ತೀರ್ಣ ಸುಮಾರು 19,000 ಚದರ ಕಿ.ಮೀ. ದಕ್ಷಿಣ ಕನ್ನಡ, ಉಡುಪಿ ಎರಡನ್ನೂ ಅದರೊಳಗೆ ಇಟ್ಟರೂ ಅರ್ಧಕ್ಕಿಂತ ಹೆಚ್ಚು ಜಾಗ ಖಾಲಿ ಉಳಿಯುತ್ತದೆ. ಇಷ್ಟು ದೊಡ್ಡ ನೀರಿನ ಮೇಲ್ಮೈಯಲ್ಲಿ ಒಂದು ಸೆಂಟಿಮೀಟರ್ ಅಂದರೆ 19 ಕೋಟಿ ಘನ ಮೀಟರ್ ನೀರು. ತುಂಬೆಯಿಂದ ಮಂಗಳೂರಿಗೆ ದಿನಕ್ಕೆ ಸುಮಾರು 16 ಕೋಟಿ ಲೀಟರ್ ಬರುತ್ತದೆ. ಲೆಕ್ಕ ಹಾಕಿ ನೋಡಿ. ಒಂಟಾರಿಯೊದ ಆ ಒಂದು ಸೆಂಟಿಮೀಟರ್ ಮಂಗಳೂರು ನಗರಕ್ಕೆ ಮೂರು ವರ್ಷ ದಾಟಿಯೂ ಸಾಕಾಗುತ್ತದೆ.

ಆ ನೀರು ಬರುವುದು ಎಲ್ಲಿಂದ? ಒಳಹರಿವಿನ ಶೇ 80ಕ್ಕಿಂತ ಹೆಚ್ಚು ಪಾಲು ಮೇಲಿನ ಈರಿ ಸರೋವರದಿಂದ, ನಯಾಗರಾ ನದಿಯ ಮೂಲಕ ಬರುತ್ತದೆ. ಉಳಿದದ್ದು ಸುತ್ತಲಿನ ನದಿಗಳದ್ದು ಮತ್ತು ಸರೋವರದ ಮೇಲೆಯೇ ಬೀಳುವ ಮಳೆ, ಹಿಮದ್ದು. ಈರಿಯಿಂದ ಎಷ್ಟು ಬರಬೇಕು ಎಂದು ನಿರ್ಧರಿಸುವ ಗೇಟ್ ಇಲ್ಲ. ಅಂದರೆ ಒಳಬಾಗಿಲು ಸದಾ ತೆರೆದೇ ಇರುತ್ತದೆ. ಮನುಷ್ಯರ ಕೈಯಲ್ಲಿ ಇರುವುದು ಹೊರಬಾಗಿಲು ಮಾತ್ರ: ಸೇಂಟ್ ಲಾರೆನ್ಸ್ ನದಿಗೆ ಅಡ್ಡ ಕಟ್ಟಿದ ಮೋಸೆಸ್-ಸಾಂಡರ್ಸ್ ಡ್ಯಾಂ. ಒಂದು ದಡ ಕೆನಡಾದ ಕಾರ್ನ್‌ವಾಲ್, ಇನ್ನೊಂದು ದಡ ಅಮೆರಿಕದ ಮಸೀನಾ. ಈ ಎರಡು ದೇಶಗಳ 1909ರ ಒಪ್ಪಂದದಿಂದ ಹುಟ್ಟಿದ ಅಂತರರಾಷ್ಟ್ರೀಯ ಜಂಟಿ ಆಯೋಗದ ಕೆಳಗೆ, 1960ರಿಂದ ಇಲ್ಲಿ ನಿಯಮ ಪ್ರಕಾರ ನೀರು ಬಿಡುತ್ತಿದ್ದಾರೆ.

ಹಾಗಾದರೆ ನೀರು ಜಾಸ್ತಿ ಆದಾಗ ಜಾಸ್ತಿ ಬಿಟ್ಟರಾಯಿತು, ಅಲ್ವಾ? ಇಲ್ಲೇ ಅನುಪಾತದ ಪೆಟ್ಟು. ಸರೋವರವನ್ನು ಒಂದು ವಾರದಲ್ಲಿ ಒಂದು ಸೆಂಟಿಮೀಟರ್ ಇಳಿಸಬೇಕಾದರೆ, ಬರುವಷ್ಟನ್ನು ಬಿಡುವುದರ ಮೇಲೆ ಸೆಕೆಂಡಿಗೆ 300 ಘನ ಮೀಟರ್‌ಗಿಂತ ಹೆಚ್ಚು ನೀರನ್ನು ಏಳು ದಿನವೂ ಬಿಡಬೇಕು. ಒಂದು ತಿಂಗಳಲ್ಲಿ ಒಂದು ಅಡಿ ಇಳಿಸಲು ಸೆಕೆಂಡಿಗೆ 2,200 ಘನ ಮೀಟರ್ ಜಾಸ್ತಿ ಬೇಕು. ಆ ನದಿಯ ಸರಾಸರಿ ಹರಿವೇ ಸುಮಾರು 7,000. ಅಂದರೆ ಇರುವ ನದಿಯ ಮೇಲೆ ಇನ್ನೊಂದು ದೊಡ್ಡ ನದಿಯನ್ನು ಹೇರಿದ ಹಾಗೆ.

ಆ ನೀರು ಹೋಗುವುದು ಮಾಂಟ್ರಿಯಲ್ ಕಡೆಗೆ. ಅಲ್ಲಿ ಒಟ್ಟಾವಾ ನದಿ ಬಂದು ಸೇರುತ್ತದೆ. 2017 ಮತ್ತು 2019ರ ವಸಂತದಲ್ಲಿ ಒಟ್ಟಾವಾ ನದಿಯಲ್ಲೂ ಭಾರೀ ನೆರೆ. ಮಾಂಟ್ರಿಯಲ್ ಸುತ್ತ ಮನೆಗಳು ಆಗಲೇ ಮುಳುಗಿದ್ದವು. ಆಗ ಮೇಲಿನಿಂದ ಗೇಟ್ ಪೂರ್ತಿ ತೆರೆದರೆ ಒಂಟಾರಿಯೊದಲ್ಲಿ ಸೆಂಟಿಮೀಟರ್ ಲೆಕ್ಕದಲ್ಲಿ ಇಳಿಯುತ್ತದೆ, ಮಾಂಟ್ರಿಯಲ್‌ನಲ್ಲಿ ಅದರ ಹಲವು ಪಟ್ಟು ಏರುತ್ತದೆ. ಹಾಗಾಗಿ ಮೇಲೆ ಇಷ್ಟು ಮಟ್ಟ ಇದ್ದರೆ ಕೆಳಗೆ ಇಷ್ಟರವರೆಗೆ ಏರಿಸಬಹುದು ಎಂಬ ಹೊಂದಾಣಿಕೆಯ ನಿಯಮವೇ ಇದೆ. ನಷ್ಟವನ್ನು ಹಂಚಿಕೊಳ್ಳುವ ನಿಯಮ ಅದು. ಸಹಜವಾಗಿ, ಎರಡೂ ಕಡೆಯವರಿಗೆ ಸಿಟ್ಟು.

ಒಟ್ಟಾವಾ ನೆರೆ ಇಳಿದ ಮೇಲೆ ಗೇಟ್ ನೋಡಿಕೊಳ್ಳುವವರು ಸುಮ್ನೆ ಕೂತಿರಲಿಲ್ಲ. ಎರಡೂ ವರ್ಷ ಸೆಕೆಂಡಿಗೆ 10,400 ಘನ ಮೀಟರ್‌ವರೆಗೆ ಬಿಟ್ಟರು, ಅದೂ ವಾರಗಟ್ಟಲೆ. ಅದಕ್ಕಿಂತ ಜಾಸ್ತಿ ಬಿಟ್ಟರೆ ನದಿಯ ಸೆಳೆತದಲ್ಲಿ ಹಡಗುಗಳು ಓಡುವ ಹಾಗಿಲ್ಲ. ಅಷ್ಟು ಬಿಟ್ಟರೂ ಸರೋವರ ಇಳಿದದ್ದು ನಿಧಾನಕ್ಕೆ. 2017ರಲ್ಲಿ ಟೊರಾಂಟೊ ದ್ವೀಪಗಳಿಗೆ ಮೇ ತಿಂಗಳಲ್ಲಿ ಬಂದ್ ಆದ ಪ್ರವೇಶ ಮತ್ತೆ ಸಿಕ್ಕಿದ್ದು ಜುಲೈ ಕೊನೆಗೆ.

ಇನ್ನೊಂದು ತೊಡಕು ನಮ್ಮ ಕಡೆಯವರಿಗೆ ಹೊಳೆಯುವುದೇ ಇಲ್ಲ: ಮಂಜುಗಡ್ಡೆ. ಚಳಿಗಾಲದಲ್ಲಿ ನದಿ ಹೆಪ್ಪುಗಟ್ಟುವ ಹೊತ್ತಿಗೆ ನೀರಿನ ಸೆಳೆತ ಜಾಸ್ತಿ ಇದ್ದರೆ, ಗಡ್ಡೆಗಳು ತುಂಡಾಗಿ ಒಂದರ ಮೇಲೊಂದು ಸಿಕ್ಕಿಕೊಂಡು ನದಿಗೇ ಕಟ್ಟ ಕಟ್ಟಿಬಿಡುತ್ತವೆ. ಅದಕ್ಕೇ ಮೇಲೆ ನಯವಾದ ಪದರ ಕಟ್ಟುವವರೆಗೆ ಹರಿವು ತಗ್ಗಿಸಬೇಕು. 2017ರ ಆರಂಭದಲ್ಲಿ ಚಳಿ ಬಂದು ಹೋಗಿ ಮಾಡುತ್ತಿತ್ತು. ಪದರ ಕಟ್ಟುವುದು, ಒಡೆಯುವುದು, ಮತ್ತೆ ಕಟ್ಟುವುದು. ಪ್ರತಿ ಸಲ ಗೇಟ್ ತಗ್ಗಿಸಬೇಕಾಯಿತು. ಮಳೆಗೆ ಮೊದಲು ಜಾಗ ಖಾಲಿ ಮಾಡಿಕೊಳ್ಳುವ ಅವಕಾಶ ಹೀಗೆ ಕೈತಪ್ಪಿತು.

ಜನರ ಸಿಟ್ಟಿಗೆ ಒಂದು ಹೆಸರು ಬೇಕಿತ್ತು, ಅದೂ ಸಿಕ್ಕಿತು: ಪ್ಲ್ಯಾನ್ 2014, ನೀರು ಬಿಡುವ ಹೊಸ ನಿಯಮ. ಹಳೆಯ ನಿಯಮ, ಪ್ಲ್ಯಾನ್ 1958-ಡಿ, ಸರೋವರವನ್ನು ಸಣ್ಣ ಅಂತರದೊಳಗೇ ಹಿಡಿದಿಟ್ಟಿತ್ತು. ಇದರಿಂದ ದಡದಲ್ಲಿ ಮನೆ ಕಟ್ಟಿದವರಿಗೆ ಧೈರ್ಯ ಬಂತು. ಆದರೆ ದಡದ ಜೌಗು ಪ್ರದೇಶಗಳು ಹಾಳಾದವು. ನೀರು ಏರುತ್ತ ಇಳಿಯುತ್ತ ಇದ್ದರೆ ಮಾತ್ರ ಅಲ್ಲಿ ಬಗೆಬಗೆಯ ಗಿಡ ಬೆಳೆಯುತ್ತದೆ. ಮಟ್ಟ ಒಂದೇ ಥರ ಇದ್ದರೆ ಜಂಬು ಹುಲ್ಲು ಎಲ್ಲವನ್ನೂ ನುಂಗುತ್ತದೆ. ಸುಮಾರು 26,000 ಹೆಕ್ಟೇರ್ ಜೌಗು ಪ್ರದೇಶ ಚೇತರಿಸಲಿ ಎಂದು ಹೊಸ ನಿಯಮ ಸ್ವಲ್ಪ ಜಾಸ್ತಿ ಏರಿಳಿತಕ್ಕೆ ಬಿಟ್ಟಿತು. ಜಾರಿಗೆ ಬಂದದ್ದು 2017ರ ಜನವರಿಯಲ್ಲಿ. ನೆರೆ ಬಂದದ್ದು ಅದೇ ವರ್ಷದ ಮೇ ತಿಂಗಳಲ್ಲಿ. ಇದಕ್ಕಿಂತ ಕೆಟ್ಟ ಗಳಿಗೆ ಸಿಗಲಿಕ್ಕಿಲ್ಲ. ಹಳೆಯ ನಿಯಮ ಇದ್ದರೂ ಮಟ್ಟ ಹೆಚ್ಚುಕಡಿಮೆ ಇಷ್ಟೇ ಆಗುತ್ತಿತ್ತು ಎಂದು ಆಯೋಗದ ಪರಿಶೀಲನೆ ಹೇಳಿತು. ದಡದವರು ಅದನ್ನು ನಂಬಲಿಲ್ಲ.

ಆಯೋಗದ ಮಾತು ನಂಬಬೇಕೋ ಬೇಡವೋ ಎಂದು ಗೊಂದಲವಾದರೆ ಮೇಲಿನ ಇನ್ನೊಂದು ಸರೋವರ ನೋಡಿದರೆ ಸಾಕು. ಮಿಶಿಗನ್-ಹ್ಯೂರಾನ್ ಜೋಡಿ ಸರೋವರದ ಬಾಯಿಗೆ ಗೇಟೇ ಇಲ್ಲ. 2013ರ ಜನವರಿಯಲ್ಲಿ ಅದು ದಾಖಲೆಯ ತಳಕ್ಕೆ ಇಳಿದಿತ್ತು. 2020ರ ಬೇಸಗೆಗೆ ಆರು ಅಡಿಯಷ್ಟು ಏರಿ ತಿಂಗಳ ದಾಖಲೆಗಳನ್ನು ಮುರಿಯುತ್ತಿತ್ತು. ಅಲ್ಲಿ ಬೈಯಲು ಯಾರೂ ಇಲ್ಲ. ಮಳೆ, ಹಿಮ, ಆವಿ – ಬಹುಮಟ್ಟಿಗೆ ಇಷ್ಟರದ್ದೇ ಆಟ. ಆವಿಯದ್ದೂ ಒಂದು ವಿಚಿತ್ರ. ನಮ್ಮಲ್ಲಿ ನೀರು ಆವಿಯಾಗುವುದು ಮಾರ್ಚ್-ಏಪ್ರಿಲ್ ಬಿಸಿಲಿಗೆ. ಅಲ್ಲಿ ಜಾಸ್ತಿ ಆವಿಯಾಗುವುದು ಶರತ್ಕಾಲ, ಚಳಿಗಾಲದಲ್ಲಿ. ಇನ್ನೂ ಬೆಚ್ಚಗಿರುವ ನೀರಿನ ಮೇಲೆ ಒಣ ಚಳಿಗಾಳಿ ಬೀಸಿದಾಗ.

ಈಗ ತುಂಬೆಗೆ ಬರೋಣ.

ತುಂಬೆಯಲ್ಲಿ ಎಲ್ಲವೂ ತಿರುಗಾಮುರುಗಾ. ಒಂಟಾರಿಯೊದಲ್ಲಿ ಪಾತ್ರೆ ದೊಡ್ಡದು, ಬಾಯಿ ಸಣ್ಣದು. ತುಂಬೆಯಲ್ಲಿ ದೊಡ್ಡ ನದಿಗೆ ಒಂದು ಚೊಂಬು ಹಿಡಿದ ಹಾಗೆ. ಹಳೆಯ ಕಿಂಡಿ ಅಣೆಕಟ್ಟು ಇದ್ದದ್ದು 4 ಮೀಟರ್ ಎತ್ತರ. ಅದು ಸಾಲದೆ ಬಂದ ಹೊಸದರ ಎತ್ತರ 7 ಮೀಟರ್. ಕುದುರೆಮುಖದ ಕಡೆಯಿಂದ ಬರುವ ನೇತ್ರಾವತಿ, ಉಪ್ಪಿನಂಗಡಿಯಲ್ಲಿ ಸೇರುವ ಕುಮಾರಧಾರಾ – ಎರಡೂ ಘಟ್ಟದ ಮಳೆ ಹೊತ್ತು ಇಲ್ಲಿಗೆ ಬರುತ್ತವೆ. ಜಿಲ್ಲೆಯಲ್ಲಿ ವರ್ಷಕ್ಕೆ 3,500 ಮಿ.ಮೀ.ಗಿಂತ ಜಾಸ್ತಿ ಮಳೆ. ಅದರ ಶೇ 80ಕ್ಕಿಂತ ಹೆಚ್ಚು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ.

ಮಳೆಗಾಲದಲ್ಲಿ ಈ ನದಿ ಸೆಕೆಂಡಿಗೆ ಸಾವಿರ ಘನ ಮೀಟರ್ ಹರಿಸುವುದು ಮಾಮೂಲು. ಆ ಹರಿವಿನಲ್ಲಿ ಒಂದು ಗಂಟೆಗೆ ತುಂಬೆ ದಾಟುವ ನೀರು ಮಂಗಳೂರಿಗೆ 22 ದಿನಕ್ಕೆ ಸಾಕು. ಆದರೆ ಆಗ ಅದನ್ನು ಹಿಡಿಯುವ ಪ್ರಶ್ನೆಯೇ ಇಲ್ಲ. ಗೇಟುಗಳನ್ನು ಮೇಲೆತ್ತಿ ಇಡುತ್ತಾರೆ, ನದಿ ತನ್ನಷ್ಟಕ್ಕೆ ಹೋಗುತ್ತದೆ. 1923ರ 'ಮಾರಿ ಬೊಳ್ಳ' (ಮಹಾನೆರೆ) ಬಂದಾಗಲೂ, 1974ರಲ್ಲಿ ಪಾಣೆಮಂಗಳೂರು, ಬಂಟ್ವಾಳ ಮುಳುಗಿದಾಗಲೂ ಇಲ್ಲಿ ಈ ಡ್ಯಾಂ ಇರಲಿಲ್ಲ. ಇದ್ದಿದ್ದರೂ ಆ ನೆರೆಗೆ ಲೆಕ್ಕಕ್ಕೇ ಬರುತ್ತಿರಲಿಲ್ಲ. 2019ರಲ್ಲಿ ಮೇ ತಿಂಗಳು ಬತ್ತಿದ್ದ ಅದೇ ನದಿ ಆಗಸ್ಟ್‌ನಲ್ಲಿ ಬೆಳ್ತಂಗಡಿ ತಾಲೂಕಿನ ಊರುಗಳಿಗೇ ನುಗ್ಗಿತು. ಮೂರು ತಿಂಗಳ ಅಂತರ ಅಷ್ಟೇ.

ತುಂಬೆಯ ಗೇಟಿಗೆ ನಿಜವಾದ ಬೆಲೆ ಬರುವುದು ಮಳೆ ನಿಂತ ಮೇಲೆ. ಅದರಲ್ಲೂ ಗೇಟ್ ಹಾಕುವ ಸಮಯ. ಇದನ್ನು ತಿಳಿಯಲು ತುಂಬೆಗೇ ಹೋಗಬೇಕೆಂದಿಲ್ಲ. ನಮ್ಮ ಹಳ್ಳಿಗಳ ಯಾವುದೇ ಕಿಂಡಿ ಅಣೆಕಟ್ಟಿನ ಹತ್ತಿರ ನವೆಂಬರ್‌ನಲ್ಲಿ ನಿಂತು ನೋಡಿ. ಹಲಗೆಗಳನ್ನು ಹೊರಗೆ ತಂದು ಜೋಡಿಸಿಟ್ಟಿರುತ್ತಾರೆ. ಎರಡು ಸಾಲು ಹಲಗೆ ಇಳಿಸಿ, ನಡುವೆ ಮಣ್ಣು ತುಂಬಿ ಮೆಟ್ಟಿ ಗಟ್ಟಿ ಮಾಡಬೇಕು. ಬೇಗ ಹಾಕಿದರೆ ಹಿಂಗಾರಿನ ಒಂದು ಜೋರು ಮಳೆಗೆ ಮೇಲಿನಿಂದ ಮರದ ದಿಮ್ಮಿ, ಬಿದಿರು, ಕಸ ಎಲ್ಲ ಬಂದು ಕಿಂಡಿಗೆ ಸಿಕ್ಕಿಕೊಳ್ಳುತ್ತದೆ. ನೀರು ಪಕ್ಕದ ತೋಟಕ್ಕೆ ನುಗ್ಗುತ್ತದೆ. ಕೆಲವೊಮ್ಮೆ ದಡವನ್ನೇ ಕೊರೆದು ಬೇರೆ ದಾರಿ ಮಾಡಿಕೊಳ್ಳುತ್ತದೆ. ತಡ ಮಾಡಿದರೆ ಹೊಳೆ ಅಷ್ಟರಲ್ಲೇ ಸಣ್ಣದಾಗಿ, ಹಲಗೆ ಹಾಕಿದರೂ ತುಂಬುವುದಿಲ್ಲ. ಸರಿಯಾದ ದಿನಗಳು ಕೆಲವೇ ಕೆಲವು. ಯಾವುದು ಆ ದಿನ ಅಂತ ಕ್ಯಾಲೆಂಡರಿನಲ್ಲಿ ಬರೆದಿರುವುದಿಲ್ಲ. ಹಿಂದೆ ಊರವರೇ ಸೇರಿ ಕಲ್ಲು, ಮಣ್ಣು, ಸೊಪ್ಪು ಹಾಕಿ ಕಟ್ಟ ಕಟ್ಟುತ್ತಿದ್ದಾಗ ಇದನ್ನು ನಿರ್ಧರಿಸುತ್ತಿದ್ದುದು ಆ ಹೊಳೆಯ ನೀರಲ್ಲೇ ಕಾಲಿಟ್ಟು ಬೆಳೆದವರು. ಈಗ ಟೆಂಡರ್ ಆಗಬೇಕು, ಬಿಲ್ ಪಾಸ್ ಆಗಬೇಕು. ಹೊಳೆ ಅದಕ್ಕೆಲ್ಲ ಕಾಯುತ್ತದೆಯೇ?

ಇನ್ನು, 7 ಮೀಟರ್ ಡ್ಯಾಂ ಇದ್ದರೂ 7 ಮೀಟರ್ ನೀರು ಯಾಕೆ ನಿಲ್ಲಿಸುವುದಿಲ್ಲ ಅನ್ನುವುದು ಪ್ರತಿ ವರ್ಷದ ಪ್ರಶ್ನೆ. 6 ಮೀಟರ್‌ವರೆಗೆ ನಿಲ್ಲಿಸುವುದೇ ರೂಢಿ. ಕಾರಣ ಸರಳ: ಮಟ್ಟ ಏರಿದಷ್ಟೂ ಹಿಂದಿನ ತೋಟ, ಗದ್ದೆ ಮುಳುಗುತ್ತದೆ. ಮುಳುಗುವ ಜಮೀನಿಗೆ ಪರಿಹಾರದ ಜಗಳ ಇದ್ದೇ ಇದೆ. ಅಂದರೆ ಇಲ್ಲೂ ಮಾಂಟ್ರಿಯಲ್ ಇದೆ, ಆದರೆ ಡ್ಯಾಂನ ಕೆಳಗಲ್ಲ, ಮೇಲೆ. ನಗರದವರಿಗೆ ಒಂದು ಮೀಟರ್ ಅಂದರೆ ಇನ್ನೊಂದಷ್ಟು ದಿನದ ನೀರು. ನದಿ ಪಕ್ಕದ ಅಡಿಕೆ ತೋಟದವರಿಗೆ ಒಂದು ಮೀಟರ್ ಅಂದರೆ ತೋಟವೇ.

ಗೇಟ್ ಹಾಕಿದ ಮೇಲೂ ಚೊಂಬು ತುಂಬಿಕೊಂಡೇ ಇರಬೇಕಾದರೆ ಮೇಲಿನಿಂದ ಸ್ವಲ್ಪವಾದರೂ ಹರಿಯುತ್ತಿರಬೇಕು. ಮಂಗಳೂರಿಗೆ ಬೇಕಾದದ್ದು ಸೆಕೆಂಡಿಗೆ ಎರಡು ಘನ ಮೀಟರ್‌ಗೂ ಕಡಿಮೆ. ಮಳೆಗಾಲದ ನದಿಗೆ ಅದು ಏನೂ ಅಲ್ಲ. ಏಪ್ರಿಲ್‌ನಲ್ಲಿ ಅದೇ ದೊಡ್ಡದು. ಯಾಕೆಂದರೆ ಮೇಲೆಲ್ಲ ಅಡಿಕೆ, ತೆಂಗಿನ ತೋಟಗಳ ಪಂಪ್‌ಗಳು ನದಿಗೇ ಪೈಪ್ ಇಳಿಸಿವೆ. ಕೈಗಾರಿಕೆಗೂ ಇದೇ ನದಿ. 2019ರಲ್ಲಿ ನೀರಿಲ್ಲದೆ ಮಂಗಳೂರಿನ ತೈಲ ಶುದ್ಧೀಕರಣಾಗಾರ ಎಂಆರ್‌ಪಿಎಲ್ ಕೆಲವು ಘಟಕಗಳನ್ನೇ ನಿಲ್ಲಿಸಬೇಕಾಗಿ ಬಂತು; ಆಮೇಲೆ ಅದು ತಣ್ಣೀರುಬಾವಿಯಲ್ಲಿ ಸಮುದ್ರದ ನೀರನ್ನು ಸಿಹಿ ಮಾಡುವ ಸ್ಥಾವರ ಹಾಕಿಕೊಂಡಿತು. ತುಂಬೆಗೆ ಒಳಹರಿವು ನಿಂತಾಗ ಇರುವ ಆಸರೆ, ಮೇಲೆ ಶಂಭೂರಿನಲ್ಲಿರುವ ಎಎಂಆರ್ ಜಲವಿದ್ಯುತ್ ಡ್ಯಾಂ. ಅಲ್ಲಿಂದ ನೀರು ಬಿಡಿಸಿಕೊಂಡು ಒಂದಷ್ಟು ದಿನ ತಳ್ಳಬಹುದು. ತಳ್ಳಬಹುದು ಅಷ್ಟೇ, ನೀರು ಹುಟ್ಟಿಸಲು ಆಗುವುದಿಲ್ಲ.

ಎಷ್ಟು ದಿನ ತಳ್ಳಬೇಕು ಅನ್ನುವುದು ಪೂರ್ತಿ ಮುಂಗಾರಿನ ಕೈಯಲ್ಲಿ. ಮಂಗಳೂರು ನೀರಿಗೆ ಪರದಾಡಿದ ಇತ್ತೀಚಿನ ಮೂರು ಬೇಸಗೆಗಳು 2016, 2019, 2023. ಈ ಮೂರೂ ವರ್ಷ ಮುಂಗಾರು ಕೇರಳಕ್ಕೆ ಬಂದದ್ದು ಒಂದೇ ತಾರೀಖಿಗೆ: ಜೂನ್ 8. ವಾಡಿಕೆಗಿಂತ ಒಂದು ವಾರ ತಡ. ಅದೊಂದೇ ಕಾರಣ ಅಂತ ಅಲ್ಲ. ಮಂಗಳೂರಿನಲ್ಲಿ ರೇಷನಿಂಗ್ ಶುರುವಾಗುವುದು ಮುಂಗಾರು ತಡ ಅಂತ ಗೊತ್ತಾಗುವುದಕ್ಕೂ ಮೊದಲೇ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಕೈಕೊಟ್ಟಾಗ ಕಥೆ ಆಗಲೇ ಶುರುವಾಗಿರುತ್ತದೆ. ಆದರೆ ಈ ಗೇಟಿನ ಎಲ್ಲ ಲೆಕ್ಕಾಚಾರ ಒಂದು ವಾರದ ಹೆಚ್ಚುಕಡಿಮೆಯಲ್ಲಿ ನಿಂತಿದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತು. ಆ ಮೇ ಕೊನೆಗೆ ನಮ್ಮ ಚಿಂತೆ ನೀರಿಲ್ಲದ್ದಲ್ಲ, ಗುಡ್ಡ ಕುಸಿತದ್ದು. ಗೇಟ್ ಅದೇ, ಮನುಷ್ಯರೂ ಅವರೇ.

ಉಡುಪಿಯ ಬಜೆಯದ್ದೂ ತುಂಬೆಯದೇ ಕಥೆ. ಸ್ವರ್ಣಾ ನದಿ ಇನ್ನೂ ಸಣ್ಣದು, ಮೇಲಿನ ಶಿರೂರು ಅಣೆಕಟ್ಟೂ ಸಣ್ಣದು. ಹೊಸದಾಗಿ ಹೇಳಬೇಕಾದದ್ದಿಲ್ಲ.

ಹೇಳಬೇಕಾದದ್ದು ವಾರಾಹಿಯದ್ದು. ಅದೇ ಘಟ್ಟ, ಅದೇ ಮಳೆ, ಆದರೂ ಏಪ್ರಿಲ್‌ನಲ್ಲಿ ವಾರಾಹಿ ಹರಿಯುತ್ತದೆ. ಘಟ್ಟದ ಮೇಲೆ, ಹೊಸನಗರ ತಾಲೂಕಿನಲ್ಲಿ ಮಾಣಿ ಜಲಾಶಯ ಇದೆ. ಸುಮಾರು 31 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ) ನೀರು ಹಿಡಿಯುತ್ತದೆ. ಅಲ್ಲಿಂದ ಸುರಂಗದಲ್ಲಿ ಇಳಿದ ನೀರು ಹೊಸಂಗಡಿಯ ಭೂಗತ ವಿದ್ಯುದಾಗಾರದಲ್ಲಿ 115 ಮೆಗಾವಾಟ್‌ನ ನಾಲ್ಕು ಯಂತ್ರಗಳನ್ನು ತಿರುಗಿಸಿ ಹೊಳೆಗೆ ಸೇರುತ್ತದೆ. ಮಳೆಗಾಲದ ನೀರು ವರ್ಷವಿಡೀ ಹಂಚಿಕೆಯಾಗುತ್ತದೆ. ಉಡುಪಿ ನಗರಕ್ಕೆ ವಾರಾಹಿಯಿಂದ ಪೈಪ್ ಎಳೆದದ್ದು ಇದೇ ಧೈರ್ಯದಲ್ಲಿ. ಗೇಟಿಗೆ ನಿಜವಾಗಿ ಶಕ್ತಿ ಇರುವುದು ಇಂಥ ಕಡೆ. ಆದರೆ ಆ ಗೇಟ್ ನೀರಿಗಾಗಿ ಮಾಡಿದ್ದಲ್ಲ, ಕರೆಂಟಿಗಾಗಿ ಮಾಡಿದ್ದು. ಹೊಳೆಯಲ್ಲಿ ಇವತ್ತು ಎಷ್ಟು ನೀರು ಅನ್ನುವುದನ್ನು ರಾಜ್ಯದ ವಿದ್ಯುತ್ ಬೇಡಿಕೆ ಹೇಳುತ್ತದೆ, ಕುಂದಾಪುರದ ಗದ್ದೆ ಅಲ್ಲ.

ಹಾಗಾದರೆ ನೇತ್ರಾವತಿಗೂ ಒಂದು ಮಾಣಿ ಕಟ್ಟಿ ಎನ್ನುವವರಿದ್ದಾರೆ. ನನಗೆ ಒಪ್ಪಿಗೆ ಇಲ್ಲ. ಅಷ್ಟು ನೀರು ನಿಲ್ಲಿಸಲು ಘಟ್ಟದ ಕಾಡನ್ನೇ ಮುಳುಗಿಸಬೇಕು, ಮತ್ತು ಬೇಸಗೆಯಲ್ಲಿ ನದಿಗೆ ಜಿನುಗಿ ಬರುವ ನೀರು ಹುಟ್ಟುವುದು ಅದೇ ಕಾಡಿನಲ್ಲಿ. ಫೆಬ್ರವರಿ, ಮಾರ್ಚ್‌ನಲ್ಲಿ ತುಂಬೆಗೆ ಬರುವುದು ಆಕಾಶದ ನೀರಲ್ಲ. ಶೋಲಾ ಕಾಡು, ಗದ್ದೆ, ಮದಕ (ಊರ ಕೆರೆ), ಊರ ಕಟ್ಟಗಳ ಮೂಲಕ ಜುಲೈನಲ್ಲಿ ನೆಲ ಕುಡಿದು ನಿಧಾನಕ್ಕೆ ಬಿಡುವ ನೀರು. ಬಯಲಿನ ಗದ್ದೆಗೆ ಮಣ್ಣು ತುಂಬಿ ಸೈಟ್ ಮಾಡಿದರೆ, ಮದಕದ ಮೇಲೆ ಮೈದಾನ ಬಂದರೆ, ಕಡಿಮೆಯಾಗುವುದು ಈ ಹರಿವು. ಘಟ್ಟದ ಹೊಳೆಗಳ ನೀರನ್ನು ಪಂಪ್ ಮಾಡಿ ಪೂರ್ವದ ಬರದ ಜಿಲ್ಲೆಗಳಿಗೆ ಒಯ್ಯುವ ಎತ್ತಿನಹೊಳೆ ಯೋಜನೆಯ ವಾದವನ್ನೂ ಇಲ್ಲಿಟ್ಟೇ ನೋಡಬೇಕು. ಕಾಗದದ ಮೇಲೆ ಅಲ್ಲಿ ಎತ್ತುವ 24 ಟಿಎಂಸಿ ಮಳೆಗಾಲದ ನೀರು. ಅದಕ್ಕಾಗಿ ಘಟ್ಟದಲ್ಲಿ ಕಡಿದ ಕಾಡು, ಅಗೆದ ಗುಡ್ಡ ಬೇಸಗೆಯ ಜಿನುಗಿಗೆ ಏನು ಮಾಡುತ್ತದೆ ಅನ್ನುವುದು ಬೇರೆಯೇ ಲೆಕ್ಕ. ಪಂಪ್ ಆದ ಟಿಎಂಸಿ ಎಣಿಸಿ ಅದಕ್ಕೆ ಉತ್ತರ ಸಿಗುವುದಿಲ್ಲ. ಕಳೆದ ಕೆಲವು ವರ್ಷಗಳಲ್ಲಿ ನೇತ್ರಾವತಿಗೆ ಹೊಸ ಅಣೆಕಟ್ಟುಗಳು ಬಂದಿವೆ – ಬಿಳಿಯೂರು, ಜಕ್ರಿಬೆಟ್ಟು, ಹರೇಕಳ. ಅವುಗಳಿಗೆ ಸಿಕ್ಕ ದುಡ್ಡಿನ ಒಂದು ಪಾಲಾದರೂ ಮೇಲಿನ ಕಟ್ಟ, ಮದಕಗಳಿಗೆ ಹೋಗಬೇಕಿತ್ತು ಅನ್ನಿಸುತ್ತದೆ.

ಒಂದು ವಿಷಯದಲ್ಲಿ ಮಾತ್ರ ಒಂಟಾರಿಯೊದವರನ್ನು ಮೆಚ್ಚಬೇಕು. ಬೈಗುಳ ಎಷ್ಟೇ ಇರಲಿ, ಅಲ್ಲಿ ಗೇಟ್ ನೋಡಿಕೊಳ್ಳುವ ಮಂಡಳಿ ಈ ವಾರ ಎಷ್ಟು ಬಿಡುತ್ತೇವೆ, ಮುಂದೆ ಮಟ್ಟ ಎಲ್ಲಿಗೆ ಹೋಗಬಹುದು ಎಂಬ ಅಂದಾಜನ್ನು ಜನರ ಮುಂದೆ ಇಡುತ್ತದೆ. ನಮ್ಮಲ್ಲಿ ಬೇಸಗೆ ಬಂದರೆ ಪತ್ರಿಕೆಯಲ್ಲಿ ತುಂಬೆಯ ಮಟ್ಟ ಬರುತ್ತದೆ: ಇಂದು 5 ಮೀಟರ್, ನಾಳೆ 4.9. ಆ ಅಂಕಿ ಇಳಿದದ್ದು ಒಳಹರಿವು ನಿಂತದ್ದಕ್ಕೋ, ಗೇಟಿನಲ್ಲಿ ಸೋರಿದ್ದಕ್ಕೋ, ಪಂಪ್ ಜಾಸ್ತಿ ಓಡಿದ್ದಕ್ಕೋ ಅಂತ ಅದರಿಂದ ತಿಳಿಯುವುದಿಲ್ಲ. ಬಂಟ್ವಾಳದಲ್ಲಿ ಕೇಂದ್ರ ಜಲ ಆಯೋಗದ ಮಾಪನ ಕೇಂದ್ರ ಇದೆ. ಶಂಭೂರಿನಿಂದ ಬಿಟ್ಟದ್ದು, ತುಂಬೆಯಲ್ಲಿ ಎತ್ತಿದ್ದು – ಎರಡಕ್ಕೂ ಲೆಕ್ಕ ಇಡಲು ಆಗದ್ದೇನಲ್ಲ. ಜನವರಿಯಿಂದಲೇ ಮಟ್ಟದ ಪಕ್ಕದಲ್ಲಿ ಒಳಹರಿವು, ಎತ್ತಿದ ನೀರು ಎರಡನ್ನೂ ಹಾಕಿದರೆ, ಯಾವ ವಾರದಿಂದ ರೇಷನಿಂಗ್ ಬೇಕಾಗಬಹುದು ಎಂದು ಫೆಬ್ರವರಿಯಲ್ಲೇ ಯಾರು ಬೇಕಾದರೂ ಲೆಕ್ಕ ಹಾಕಬಹುದು. ಹತ್ತನೇ ಕ್ಲಾಸಿನ ಗಣಿತ ಸಾಕು.